ಹಸಿರು ಪರದೆಯ ಮೇಲೆ ನಮ್ಮೂರಿನ ವಿದ್ಯುತ್ತು

ಸಿಂಧನೂರಿನಲ್ಲಿ ನನ್ನ ಬಳಿ ಭೌತಶಾಸ್ತ್ರ ಕಲಿತ ನಿಮಗೆ ಲಿಸಾಜು ಆಕೃತಿಗಳು ಎರಡು ಅಂಕದ ಪ್ರಶ್ನೆಯಾಗಿ ಮಾತ್ರ ನೆನಪಿರಬಹುದು. ಅವುಗಳ ಚರಿತ್ರೆ ದೀರ್ಘವಾದುದು; ಅದರ ಒಂದು ಎಳೆ ನಮ್ಮ ರಾಯಚೂರು ಜಿಲ್ಲೆಯನ್ನೂ ಮುಟ್ಟಿದೆ.

ಒಂದಕ್ಕೊಂದು ಲಂಬವಾದ ಎರಡು ಕಂಪನಗಳು ಕೂಡಿದಾಗ ಮೂಡುವ ವಕ್ರರೇಖೆಗಳನ್ನು ಅಮೆರಿಕದ ಬೌಡಿಚ್ 1815ರಲ್ಲಿಯೇ ಅಭ್ಯಸಿಸಿದ್ದನು. (ಅದಾಗಿ ನೂರು ವರ್ಷಕ್ಕೆ, 1915ರಲ್ಲಿ, ಗಣಿ ಇಂಜಿನಿಯರ್ ಬೀಡನ್ ಮಸ್ಕಿಯಲ್ಲಿ ಅಶೋಕನ ಶಾಸನವನ್ನು ಕಂಡನು. ಇಸವಿ ಮರೆಯದಿರಲೆಂದು ಇವೆರಡನ್ನೂ ಜೋಡಿಸಿ ಹೇಳುತ್ತಿದ್ದೆ.) ಫ್ರಾನ್ಸಿನ ಲಿಸಾಜು 1857ರ ಸುಮಾರಿಗೆ ಶ್ರುತಿಕವೆಗಳಿಗೆ ಕನ್ನಡಿ ಅಂಟಿಸಿ, ಬೆಳಕಿನ ಕಿರಣದಿಂದ ಅವೇ ಆಕೃತಿಗಳನ್ನು ತೋರಿಸಿದನು. 1897ರಲ್ಲಿ ಜರ್ಮನಿಯ ಬ್ರೌನ್ ಕ್ಯಾಥೋಡ್ ಕಿರಣದ ನಳಿಕೆಯನ್ನು ರಚಿಸಿದ ಮೇಲೆ ಕನ್ನಡಿಯ ಕೆಲಸವನ್ನು ಎಲೆಕ್ಟ್ರಾನುಗಳು ವಹಿಸಿಕೊಂಡವು. ಚುಕ್ಕೆಯನ್ನು ಎಡದಿಂದ ಬಲಕ್ಕೆ ಕಾಲಕ್ಕನುಗುಣವಾಗಿ ಓಡಿಸುವ ಏರ್ಪಾಡನ್ನು ಝೆನೆಕ್ ಸೇರಿಸಿದ್ದು 1899ರಲ್ಲಿ.

ಸಿ.ಆರ್.ಓ.ದಲ್ಲಿ ಎಕ್ಸ್-ವೈ ಗುಂಡಿ ಒತ್ತುವುದೆಂದರೆ ಝೆನೆಕನ ಆ ಏರ್ಪಾಡನ್ನು ಕಳಚುವುದು. ಆಗ ಅಡ್ಡ ಚಲನೆಯನ್ನೂ ಇನ್ನೊಂದು ಸಂಕೇತವೇ ನಡೆಸುತ್ತದೆ. ಸಂಕೇತವಿಲ್ಲದಿದ್ದರೆ ಚುಕ್ಕೆ ಒಂದೇ ಕಡೆ ನಿಂತು ಪರದೆಯ ಲೇಪವನ್ನು ಸುಡುತ್ತದೆ. ಅದಕ್ಕಾಗಿಯೇ ಮೊದಲು ಪ್ರಕಾಶ ತಗ್ಗಿಸಿರೆಂದು ನಾನು ಗದರುತ್ತಿದ್ದುದು. ಎರಡೂ ಆವೃತ್ತಿಗಳು ಸಮವಾಗಿದ್ದರೆ ಗೆರೆಯೋ ದೀರ್ಘವೃತ್ತವೋ ವೃತ್ತವೋ ನಿಶ್ಚಲವಾಗಿ ನಿಲ್ಲುತ್ತದೆ. ತುಸು ವ್ಯತ್ಯಾಸವಿದ್ದರೆ ಅದು ಹೊರಳತೊಡಗುತ್ತದೆ. ಸೆಕೆಂಡಿಗೆ ಎಷ್ಟು ಹೊರಳೋ ಅಷ್ಟು ಹರ್ಟ್ಸ್ ಅಂತರ.

1990ರ ದಶಕದಲ್ಲಿ ಆರು ವೋಲ್ಟಿನ ಟ್ರಾನ್ಸ್‌ಫಾರ್ಮರ್ ಮೂಲಕ ಮನೆಯ ವಿದ್ಯುತ್ತನ್ನೇ ಒಂದು ಕಡೆ ಕೊಟ್ಟು, ಇನ್ನೊಂದು ಕಡೆ ಆಸಿಲೇಟರನ್ನು 50ಕ್ಕೆ ಇಟ್ಟರೆ ಆಕೃತಿ ನಿಲ್ಲುತ್ತಲೇ ಇರಲಿಲ್ಲ. ವಿದ್ಯುತ್ತಿನ ಆವೃತ್ತಿ ಕುಸಿದಿದೆಯೆಂದು ನಾನೆಂದಾಗ ಲಿಂಗಸುಗೂರಿನಿಂದ ಬರುತ್ತಿದ್ದ ಹುಡುಗನೊಬ್ಬ, “ಕರೆಂಟೇ ತಪ್ಪೈತಿ ಅಂತ ಹೆಂಗ ಹೇಳ್ತೀರಿ ಸರ್? ಆಸಿಲೇಟರೇ ತಪ್ಪಿರಬಹುದಲ್ರಿ?” ಎಂದನು. ನ್ಯಾಯವಾದ ಪ್ರಶ್ನೆ. ಮೆಲ್ಡೆ ಪ್ರಯೋಗದ 100 ಹರ್ಟ್ಸಿನ ಶ್ರುತಿಕವೆಯ ನಾದವನ್ನು ಮೈಕಿನಿಂದ ಹಿಡಿದು, ಇಂಗ್ಲಿಷಿನ ಎಂಟರಂಥ ಆಕೃತಿ ನಿಲ್ಲುವವರೆಗೆ ಆಸಿಲೇಟರನ್ನು ತಿರುಗಿಸಿದೆವು. ಈಗ ಅದು ಕವೆಯ ಅರ್ಧ, ಅಂದರೆ 50. ಕವೆಯನ್ನು ತೆಗೆದು ವಿದ್ಯುತ್ತನ್ನು ಜೋಡಿಸಿದೆವು. ಅರ್ಧ ನಿಮಿಷಕ್ಕೆ ನಲವತ್ತೈದು ಹೊರಳು! ಮೇಲೋ ಕೆಳಗೋ ಎಂಬುದನ್ನು ಆಕೃತಿ ಹೇಳದು; ಆಸಿಲೇಟರನ್ನು ಇಳಿಸುತ್ತ ಹೋದಾಗ 48.5ರಲ್ಲಿ ನಿಂತಿತು.

ಇದು ಬರಿಯ ಪ್ರಯೋಗಶಾಲೆಯ ವಿನೋದವಾಗಿರಲಿಲ್ಲ. ಬೇಡಿಕೆಗೆ ಉತ್ಪಾದನೆ ಸಾಲದಾದಾಗ ಟರ್ಬೈನುಗಳೇ ನಿಧಾನಗೊಳ್ಳುತ್ತವೆ. ದಕ್ಷಿಣ ಭಾರತದ ಜಾಲವೆಲ್ಲವೂ ಆಗ ಹಾಗೆಯೇ ಕುಗ್ಗಿ ನಡೆಯುತ್ತಿತ್ತು. ಶಕ್ತಿನಗರದ ಶಾಖೋತ್ಪನ್ನ ಸ್ಥಾವರ ನಮ್ಮ ಜಿಲ್ಲೆಯಲ್ಲಿಯೇ ಇದ್ದರೂ ಆ ಕೊರತೆಯಿಂದ ನಮಗೆ ವಿನಾಯಿತಿಯಿರಲಿಲ್ಲ. ಆವೃತ್ತಿ ಶೇ. 3 ಇಳಿದರೆ ಪಂಪಿನ ವೇಗವೂ ಸುಮಾರು ಅಷ್ಟೇ ಇಳಿಯುತ್ತದೆ, ಅದು ನೀರೆತ್ತಬಲ್ಲ ಎತ್ತರ ಶೇ. 6ರಷ್ಟು ಕುಗ್ಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯಂಚಿನಲ್ಲಿ ಪಂಪನ್ನೇ ನೆಚ್ಚಿದ್ದ ನಿಮ್ಮ ತಂದೆಯವರಿಗೆ ಇದರ ಅರ್ಥ ನನಗಿಂತ ಚೆನ್ನಾಗಿ ಗೊತ್ತಿತ್ತು.

2003ರ ಜನವರಿಯಲ್ಲಿ, ಗೊತ್ತುಪಡಿಸಿದ್ದಕ್ಕಿಂತ ಹೆಚ್ಚು ಎಳೆದ ವಿದ್ಯುತ್ತಿನ ಬೆಲೆಯನ್ನು ಆವೃತ್ತಿಗೇ ಗಂಟುಹಾಕುವ ದರಪದ್ಧತಿ ದಕ್ಷಿಣಕ್ಕೆ ಬಂದಿತು, ಆವೃತ್ತಿ ಸುಧಾರಿಸಿತು. 2013ರ ಡಿಸೆಂಬರ್ 31ರಂದು 765 ಕಿಲೋವೋಲ್ಟಿನ ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ಜಾಲವು ದೇಶದ ಉಳಿದ ಜಾಲದೊಡನೆ ಕೂಡಿತು. ಹಾಗೆ ಕೂಡಿಸುವಾಗಲೂ ಎರಡು ಕಡೆಯ ಕಂಪನಗಳು ಹೆಜ್ಜೆಗೆ ಹೆಜ್ಜೆ ಸೇರಬೇಕು. ನಮ್ಮ ಪರದೆಯ ಭಾಷೆಯಲ್ಲಿ ಹೇಳುವುದಾದರೆ, ಆಕೃತಿ ಓರೆಗೆರೆಯಾಗಿ ನಿಲ್ಲಬೇಕು.

ಇಂದು ನಿಯಮ ವಿಧಿಸಿರುವ ಮಿತಿ 49.90ರಿಂದ 50.05 ಹರ್ಟ್ಸ್. ಆ ಮಿತಿಯೊಳಗಿದ್ದರೆ ನಮ್ಮ ದೀರ್ಘವೃತ್ತವು ಒಂದು ಸಲ ಹೊರಳಲು ಹತ್ತು ಸೆಕೆಂಡಾದರೂ ಬೇಕು.