ಗಂಜಿ ಕೇಂದ್ರದಿಂದ ಕಾಳಜಿ ಕೇಂದ್ರಕ್ಕೆ: ಬಾಗಲಕೋಟೆ ಸೀಮೆಯಲ್ಲಿ ಮಕ್ಕಳ ಕಾವಲಿನ ಸ್ವಯಂಸೇವೆ

ಮಕ್ಕಳಿಗಾಗಿ ದುಡಿಯುವ ಪರಿಹಾರ ಸಂಸ್ಥೆಗಳಲ್ಲಿ ಅನ್ನ, ಬಟ್ಟೆ, ಪುಸ್ತಕ ಹಂಚುವವರು ಎಲ್ಲರ ಕಣ್ಣಿಗೂ ಬೀಳುತ್ತಾರೆ. ಆ ಅನ್ನವನ್ನು ಮಕ್ಕಳಿಗಿಂತ ಮೊದಲು ಯಾರಾದರೂ ರುಚಿ ನೋಡಿದರೇ, ಮಗುವನ್ನು ಕರೆದೊಯ್ಯಲು ಬಂದವನು ನಿಜಕ್ಕೂ ಅದರ ಸೋದರಮಾವನೇ, ದಾನಿ ಕೊಟ್ಟ ದುಡ್ಡು ಹೇಳಿದ ಬಾಬ್ತಿಗೇ ಹೋಯಿತೇ ಎಂದು ವಿಚಾರಿಸುವವರು ಮಾತ್ರ ಫೋಟೋದಲ್ಲಿ ಇರುವುದಿಲ್ಲ. ಸಂಬಳವಿಲ್ಲದೆ ಮಾಡುವ ಈ ವಿಚಾರಣೆಯ ಕೆಲಸಕ್ಕೆ ದೊಡ್ಡ ಸಂಸ್ಥೆಗಳು ಅಪಾಯ ನಿರ್ವಹಣೆ ಮತ್ತು ನಿಯಮ ಪಾಲನೆಯ ಸ್ವಯಂಸೇವೆ ಎಂದು ಹೆಸರಿಟ್ಟಿವೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಭಾಗದಲ್ಲಿ ಇದನ್ನು ಮಾಡುವವರು ಶಾಲೆಯ ಎಸ್‌ಡಿಎಂಸಿ ಸದಸ್ಯರು, ಊರಿನ ಮಕ್ಕಳ ರಕ್ಷಣಾ ಸಮಿತಿಯವರು, ಎನ್‌ಎಸ್‌ಎಸ್ ಹುಡುಗ ಹುಡುಗಿಯರು, ಸಂಘದ ಲೆಕ್ಕಪತ್ರ ನೋಡಿಕೊಡುವ ನಿವೃತ್ತ ಮಾಸ್ತರರು. ತಾವು ಮಾಡುತ್ತಿರುವುದಕ್ಕೆ ಇಷ್ಟು ಉದ್ದದ ಹೆಸರಿದೆ ಎಂದು ಅವರಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಕ್ಕಿಲ್ಲ.

ಈ ಸೀಮೆಯಲ್ಲಿ ಕಥೆ ಶುರುವಾಗುವುದು ಬರದಿಂದ. ಧಾತು ಸಂವತ್ಸರದಲ್ಲಿ, ಅಂದರೆ 1876ರಲ್ಲಿ, ಮಳೆ ಕೈಕೊಟ್ಟಾಗ ಇಂದಿನ ಬಾಗಲಕೋಟೆ ಜಿಲ್ಲೆಯ ಬಹುಭಾಗ ಮುಂಬಯಿ ಪ್ರಾಂತ್ಯದ ಕಲಾದಗಿ ಜಿಲ್ಲೆಗೆ ಸೇರಿತ್ತು. ಈಗ ದಾಳಿಂಬೆ, ಚಿಕ್ಕು ತೋಟಗಳಿಗೆ ಹೆಸರಾದ ಕಲಾದಗಿಯೇ ಆಗ ಜಿಲ್ಲಾ ಕೇಂದ್ರ. ಪರಿಹಾರ ಕಾಮಗಾರಿಯಲ್ಲಿ ಕಲ್ಲು ಒಡೆದವರಿಗೆ ಕೂಲಿ ಕೊಡುತ್ತಿದ್ದರು. 1877ರಲ್ಲಿ ಸರ್ಕಾರದ ಪ್ರತಿನಿಧಿಯಾಗಿ ಬಂದ ರಿಚರ್ಡ್ ಟೆಂಪಲ್ ಆ ಕೂಲಿಯನ್ನು ದಿನಕ್ಕೆ ಒಂದು ಪೌಂಡ್, ಅಂದರೆ ಅರ್ಧ ಕಿಲೋಗಿಂತ ಕಡಿಮೆ ಧಾನ್ಯ ಮತ್ತು ಅಲ್ಪ ಕಾಸಿಗೆ ಇಳಿಸಿದ. ಖಜಾನೆಯ ಅಪಾಯವನ್ನು ಅಳೆದವರು ಹಸಿದ ಹೊಟ್ಟೆಯ ಅಪಾಯವನ್ನು ಅಳೆಯಲಿಲ್ಲ. ಆ ಬರ ದಕ್ಷಿಣ ಭಾರತದಲ್ಲಿ ಲಕ್ಷಾಂತರ ಜನರನ್ನು ನುಂಗಿತು. ಬಳಿಕ ರಿಚರ್ಡ್ ಸ್ಟ್ರೇಚಿ ನೇತೃತ್ವದ ಆಯೋಗ 1880ರಲ್ಲಿ ವರದಿ ಕೊಟ್ಟಿತು, 1883ರಲ್ಲಿ ಬರ ಸಂಹಿತೆಯ ಕರಡು ಹೊರಬಂತು. ಬರದ ಮುನ್ಸೂಚನೆ ಯಾವುದು, ಯಾರು ಯಾರಿಗೆ ವರದಿ ಮಾಡಬೇಕು, ದುಡಿಯಲಾರದವರಿಗೆ ಏನು ಕೊಡಬೇಕು ಎಂಬುದೆಲ್ಲ ಕಾಗದದ ಮೇಲೆ ಬಂದದ್ದು ಹೀಗೆ. ಗಂಜಿ ಕೇಂದ್ರ ಎಂಬ ಮಾತಿನಲ್ಲಿ ಬರಗಾಲದ ನೆನಪು ಇಂದಿಗೂ ಉಳಿದಿದೆ.

ಹಸಿವಿನಷ್ಟು ಬೇಗ ಕಣ್ಣಿಗೆ ಬೀಳದ ಇನ್ನೊಂದು ಅಪಾಯವಿತ್ತು. ಬಡ ಮನೆಯ ಹೆಣ್ಣುಮಕ್ಕಳಿಗೆ ದೇವರ ಹೆಸರಿನಲ್ಲಿ ಮುತ್ತು ಕಟ್ಟಿ ದೇವದಾಸಿಯರಾಗಿಸುವ ಪದ್ಧತಿ ಕೃಷ್ಣಾ ತೀರದಲ್ಲಿ ಆಳವಾಗಿ ಬೇರೂರಿತ್ತು. ಮುಂಬಯಿ ಪ್ರಾಂತ್ಯ 1934ರಲ್ಲೇ ದೇವದಾಸಿಯರ ರಕ್ಷಣೆಗೆ ಕಾಯ್ದೆ ಮಾಡಿತು. ಹಾಗಾಗಿ ಕಾಗದದಲ್ಲಿ ನೋಡಿದರೆ ಬಾಗಲಕೋಟೆ, ಹುನಗುಂದದ ಮಕ್ಕಳಿಗೆ ಸ್ವಾತಂತ್ರ್ಯಕ್ಕಿಂತ ಮೊದಲೇ ರಕ್ಷಣೆ ಸಿಕ್ಕಿತ್ತು. ಆದರೂ ಸುಮಾರು ಅರ್ಧ ಶತಮಾನದ ನಂತರ, 1982ರಲ್ಲಿ, ಕರ್ನಾಟಕ ಮತ್ತೊಂದು ಕಾಯ್ದೆ ತರಬೇಕಾಯಿತು. ಕಾಯ್ದೆ ಬರೆದವರು ಬೆಂಗಳೂರು, ಮುಂಬಯಿಯಲ್ಲಿದ್ದರು, ಮುತ್ತು ಕಟ್ಟುವುದು ರಾತ್ರಿ ಹೊತ್ತು ಯಾವುದೋ ಓಣಿಯಲ್ಲಿ ನಡೆಯುತ್ತಿತ್ತು. ನಡುವಿನ ಅಂತರವನ್ನು ತುಂಬಬಲ್ಲವರು ಅದೇ ಓಣಿಯಲ್ಲಿ ಇದ್ದು, ಸುದ್ದಿ ಕೇಳಿದ ಕೂಡಲೇ ಬಾಯಿಬಿಡುವ ಧೈರ್ಯವುಳ್ಳವರು ಮಾತ್ರ.

ಇಳಕಲ್ಲಿಗೆ ಇಂಥ ಧೈರ್ಯದ ಬೇರೊಂದು ಪಾಠ ಸಿಕ್ಕಿತು. ಚಿತ್ತರಗಿ ಇಳಕಲ್ ಮಠದ ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಮನೆಮನೆಗೆ ಹೊರಟರು. ಅವರು ಬೇಡಿದ್ದು ಕಾಳು ಕಡಿ ಅಲ್ಲ, ಕುಡಿತ, ಬೀಡಿ, ತಂಬಾಕಿನ ಚಟಗಳನ್ನು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಮಕ್ಕಳ ರಕ್ಷಣೆ ಎಂಬ ಮಾತು ಆ ಜೋಳಿಗೆಯ ಮೇಲೆ ಬರೆದಿರಲಿಲ್ಲ. ಆದರೆ ಅಪ್ಪನ ಕುಡಿತ ಮಗಳ ಶಾಲೆಯನ್ನು ಹೇಗೆ ಬಿಡಿಸುತ್ತದೆ ಎಂದು ಬಲ್ಲವರಿಗೆ ಈ ನಂಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಅನಾಹುತ ಆದಮೇಲೆ ಓಡುವುದಕ್ಕಿಂತ ಅದರ ಬೇರಿಗೆ ಕೈಹಾಕುವುದನ್ನು ಈ ಸೀಮೆ ಹೀಗೂ ಕಲಿತಿತ್ತು.

ಹೊರಗಿನ ಜಗತ್ತಿನಲ್ಲಿ ಈ ಚಿಂತನೆ ಬೇರೆ ದಾರಿಯಲ್ಲಿ ಬೆಳೆಯಿತು. ಮೊದಲ ಮಹಾಯುದ್ಧದ ನಂತರ ಹಸಿದಿದ್ದ ಶತ್ರುದೇಶದ ಮಕ್ಕಳಿಗಾಗಿ ಎಗ್ಲಾಂಟೈನ್ ಜೆಬ್ 1919ರಲ್ಲಿ ಲಂಡನ್ನಿನಲ್ಲಿ ಸೇವ್ ದ ಚಿಲ್ಡ್ರನ್ ಕಟ್ಟಿದರು. ಅವರು ಸಿದ್ಧಪಡಿಸಿದ ಮಕ್ಕಳ ಹಕ್ಕುಗಳ ಘೋಷಣೆಯನ್ನು 1924ರಲ್ಲಿ ರಾಷ್ಟ್ರಗಳ ಸಂಘ ಒಪ್ಪಿತು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಬಂದದ್ದು 1989ರಲ್ಲಿ, ಭಾರತ ಅದನ್ನು ಒಪ್ಪಿಕೊಂಡದ್ದು 1992ರಲ್ಲಿ. ಅಲ್ಲಿಯವರೆಗೂ ನೆರವು ಕೊಡುವವರು ಒಳ್ಳೆಯವರೇ ಎಂಬ ನಂಬಿಕೆ ಗಟ್ಟಿಯಾಗಿತ್ತು. 2002ರಲ್ಲಿ ಅದು ಮುರಿಯಿತು. ಪಶ್ಚಿಮ ಆಫ್ರಿಕಾದ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ದೇಶಗಳ ನಿರಾಶ್ರಿತರ ಶಿಬಿರಗಳಲ್ಲಿ ಪರಿಹಾರ ಹಂಚುವವರಲ್ಲೇ ಕೆಲವರು ಮಕ್ಕಳನ್ನು ಲೈಂಗಿಕವಾಗಿ ಶೋಷಿಸುತ್ತಿದ್ದಾರೆ ಎಂಬ ವರದಿ ಹೊರಬಂತು. ಮರುವರ್ಷ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಕಟ್ಟುನಿಟ್ಟಿನ ಸೂಚನೆ ಹೊರಡಿಸಿದರು. ಸಿಬ್ಬಂದಿಯ ಪೂರ್ವಾಪರ ವಿಚಾರಿಸುವುದು, ನಡತೆಯ ಸಂಹಿತೆಗೆ ಸಹಿ ಹಾಕಿಸುವುದು, ಮಗುವೇ ದೂರು ಹೇಳಲು ದಾರಿ ಇಡುವುದು ಇವೆಲ್ಲ ಮಕ್ಕಳ ಸಂಸ್ಥೆಗಳಲ್ಲಿ ಕಡ್ಡಾಯ ಎನಿಸಿದ್ದು ಇದರ ನಂತರವೇ.

ನಮ್ಮ ದೇಶಕ್ಕೆ ಇದೇ ಪಾಠ ಬಿಹಾರದಿಂದ ಬಂತು. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು ಅಲ್ಲಿನ ಆಶ್ರಯ ಧಾಮಗಳ ಸಾಮಾಜಿಕ ಲೆಕ್ಕಪರಿಶೋಧನೆ ನಡೆಸಿ 2018ರಲ್ಲಿ ವರದಿ ಕೊಟ್ಟರು. ಮುಜಫ್ಫರ್‌ಪುರದ ಧಾಮವೊಂದರಲ್ಲಿ 30ಕ್ಕೂ ಹೆಚ್ಚು ಬಾಲಕಿಯರ ಮೇಲೆ ನಡೆದಿದ್ದ ದೌರ್ಜನ್ಯ ಆ ವರದಿಯಿಂದ ಬಯಲಾಯಿತು. ಹೊರಗಿನವರು ಒಳಗೆ ಕೂತು ಮಕ್ಕಳ ಜೊತೆ ಮಾತಾಡದಿದ್ದರೆ ಆ ಗೋಡೆಗಳ ಒಳಗಿನದು ಹೊರಗೆ ಬರುತ್ತಲೇ ಇರಲಿಲ್ಲ.

ಕಾನೂನಿನ ಚೌಕಟ್ಟು ಈಗ ದಟ್ಟವಾಗಿದೆ. 2009ರ ಸಮಗ್ರ ಮಕ್ಕಳ ರಕ್ಷಣಾ ಯೋಜನೆಯಡಿ ಜಿಲ್ಲೆಗೊಂದು ಮಕ್ಕಳ ರಕ್ಷಣಾ ಘಟಕ, ಊರಿಗೊಂದು ಸಮಿತಿ ಬಂದವು. ಪೋಕ್ಸೋ ಎಂದೇ ಜನ ಕರೆಯುವ 2012ರ ಕಾಯ್ದೆಯ 19ನೇ ಕಲಮು ಮಗುವಿನ ಮೇಲಿನ ಲೈಂಗಿಕ ಅಪರಾಧ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ. ತಿಳಿಸದ ಸಂಸ್ಥೆಯ ಮುಖ್ಯಸ್ಥನಿಗೆ 1 ವರ್ಷದವರೆಗೆ ಜೈಲು. ಬಾಲ ನ್ಯಾಯ ಕಾಯ್ದೆ, 2015ರ ಪ್ರಕಾರ ಮಕ್ಕಳನ್ನು ಇಟ್ಟುಕೊಳ್ಳುವ ಪ್ರತಿ ಸಂಸ್ಥೆ ನೋಂದಣಿಯಾಗಬೇಕು. ಸಿಕ್ಕ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಬಾದಾಮಿಯ ಬನಶಂಕರಿ ಜಾತ್ರೆಯ ಗದ್ದಲದಲ್ಲಿ ತಪ್ಪಿಸಿಕೊಂಡ ಮಗು ಸಿಕ್ಕರೆ ಕರುಣೆ ಬಂದು ಮನೆಗೆ ಕರೆದೊಯ್ದು ಸಾಕುವುದು ಸೇವೆಯಲ್ಲ, ಅಪರಾಧ. ಇದನ್ನು ಒಳ್ಳೆಯ ಮನಸ್ಸಿನವರಿಗೆ ತಿಳಿಹೇಳುವುದು ಕೆಟ್ಟವರನ್ನು ಹಿಡಿಯುವುದಕ್ಕಿಂತ ಕಷ್ಟ. 2021ರಲ್ಲಿ ಕೋವಿಡ್‌ನಿಂದ ತಂದೆ ತಾಯಿ ಕಳೆದುಕೊಂಡ ಮಕ್ಕಳನ್ನು ದತ್ತು ತೆಗೆದುಕೊಳ್ಳಿ ಎಂಬ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಗಲೂ ಸರ್ಕಾರ ಇದನ್ನೇ ಹೇಳಬೇಕಾಯಿತು.

ಹಣದ ಬದಿಯೂ ಅಷ್ಟೇ ಬಿಗಿ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾದ ಮೇಲೆ ಹೊರದೇಶದ ದೇಣಿಗೆ ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದು ಶಾಖೆಯ ಖಾತೆಗೇ ಬರಬೇಕು, ಬಂದ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಆಡಳಿತ ವೆಚ್ಚ ಶೇ. 20 ಮೀರುವಂತಿಲ್ಲ. ತಾಲ್ಲೂಕು ಮಟ್ಟದ ಪುಟ್ಟ ಸಂಘಕ್ಕೆ ಲೆಕ್ಕ ಬಲ್ಲವರನ್ನು ಸಂಬಳಕ್ಕಿಡುವ ಶಕ್ತಿಯಿಲ್ಲ. ವಾರಕ್ಕೆ ಒಂದು ಸಂಜೆ ಬಂದು ವೋಚರು, ರಸೀದಿ ಹೊಂದಿಸಿಕೊಡುವ ಸ್ವಯಂಸೇವಕನ ಬೆಲೆ ಅಲ್ಲಿನವರಿಗೆ ಗೊತ್ತು.

ಮಕ್ಕಳ ಜೀವಕ್ಕೆ ಎರವಾದ ಕೆಲವು ಅಪಾಯಗಳು ಮಾತ್ರ ಯಾವ ಸಂಸ್ಥೆಯ ಕಡತದಲ್ಲೂ ಇರಲಿಲ್ಲ, ಹೊಲದಲ್ಲಿದ್ದವು. 2014ರ ಆಗಸ್ಟ್‌ನಲ್ಲಿ ಬಾದಾಮಿ ತಾಲ್ಲೂಕಿನ ಸೂಳಿಕೇರಿಯಲ್ಲಿ ಆರು ವರ್ಷದ ಹುಡುಗ ತೆರೆದ ಬೋರಿಗೆ ಬಿದ್ದ. ದಿನಗಟ್ಟಲೆ ಯಂತ್ರಗಳು ನೆಲ ಅಗೆದವು, ಹುಡುಗ ಬದುಕಿ ಬರಲಿಲ್ಲ. ಅದಕ್ಕೆ ಎರಡು ತಿಂಗಳು ಮೊದಲು ಪಕ್ಕದ ವಿಜಯಪುರ ಜಿಲ್ಲೆಯ ನಾಗಠಾಣದಲ್ಲಿ ಪುಟ್ಟ ಬಾಲಕಿಯೊಬ್ಬಳು ಹೀಗೆಯೇ ಹೋಗಿದ್ದಳು. ಮನಸ್ಸನ್ನು ಹಿಂಡುವುದು ಏನೆಂದರೆ, ನಿಯಮ ಆಗಲೇ ಇತ್ತು. ಬೋರು ಕೊರೆಯುವ 15 ದಿನ ಮೊದಲು ಲಿಖಿತವಾಗಿ ತಿಳಿಸಬೇಕು, ಕೊರೆಯುವಾಗ ಸುತ್ತ ತಂತಿ ಬೇಲಿ ಹಾಕಬೇಕು, ಕೇಸಿಂಗ್ ಪೈಪಿನ ಸುತ್ತ ಸಿಮೆಂಟ್ ಕಟ್ಟೆ ಕಟ್ಟಬೇಕು, ಬಾಯಿಗೆ ಉಕ್ಕಿನ ಮುಚ್ಚಳ ಬಿಗಿಯಬೇಕು, ಬತ್ತಿದ ಬೋರನ್ನು ನೆಲಮಟ್ಟದವರೆಗೆ ಮುಚ್ಚಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತ್ತು. ಹಳ್ಳಿಗಳಲ್ಲಿ ಇದರ ನಿಗಾ ಪಂಚಾಯಿತಿ ಮತ್ತು ಕೃಷಿ ಇಲಾಖೆಯದು ಎಂದೂ ಹೇಳಿತ್ತು. ಒಂದು ಮುಚ್ಚಳ, ಒಂದು ಬುಟ್ಟಿ ಮಣ್ಣು ಹಾಕಲು ಹಣ ಬೇಕಿರಲಿಲ್ಲ. ಮೂರು ಹೊಲ ದಾಟಿ ಹೋಗಿ ನೋಡಿ ಬರುವವರೊಬ್ಬರು ಬೇಕಿತ್ತು. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬೋರಿಗೆ ಬಿದ್ದ ಎಳೆಯ ಮಗುವೊಂದನ್ನು ಸುಮಾರು 20 ಗಂಟೆಗಳ ಬಳಿಕ ಜೀವಂತ ಎತ್ತಿದಾಗ ಇಡೀ ಉತ್ತರ ಕರ್ನಾಟಕ ಕಣ್ಣೀರು ಹಾಕಿತು. ಆದರೆ ಸೂಳಿಕೇರಿಯ ಸಾವಿನ ಹತ್ತು ವರ್ಷದ ನಂತರವೂ ಬೋರೊಂದರ ಬಾಯಿ ತೆರೆದೇ ಇತ್ತು.

ಶಾಲೆಯ ಅಡುಗೆಮನೆಯಲ್ಲಿ ಕಾವಲು ಇದಕ್ಕಿಂತ ಚೆನ್ನಾಗಿ ನೆಲೆಯೂರಿದೆ. ಶಾಲಾ ಮಕ್ಕಳ ಬಿಸಿಯೂಟದ ಯೋಜನೆಯಾದ ಅಕ್ಷರ ದಾಸೋಹ 2002ರಲ್ಲಿ ರಾಜ್ಯದ ಉತ್ತರದ ಜಿಲ್ಲೆಗಳಲ್ಲಿ ಮೊದಲು ಶುರುವಾಯಿತು. 2013ರ ಜುಲೈನಲ್ಲಿ ಬಿಹಾರದ ಶಾಲೆಯೊಂದರಲ್ಲಿ ಕೀಟನಾಶಕ ಬೆರೆತ ಊಟ ಉಂಡು 23 ಮಕ್ಕಳು ಸತ್ತ ಮೇಲೆ, ಬಡಿಸುವ ಮುನ್ನ ದೊಡ್ಡವರು ರುಚಿ ನೋಡಲೇಬೇಕು ಎಂಬ ನಿಯಮಕ್ಕೆ ಬಲ ಬಂತು. ಕೂಲಿಗೆ ಹೋಗುವ ಮುನ್ನವೋ ಬಿಡುವಿನಲ್ಲೋ ಶಾಲೆಗೆ ಬಂದು ಸಾರಿನ ರುಚಿ ನೋಡಿ ವಹಿಯಲ್ಲಿ ಸಹಿ ಹಾಕುವ ತಾಯಿ, ಅಪಾಯ ನಿರ್ವಹಣೆಯ ಸ್ವಯಂಸೇವಕಿಯಲ್ಲದೆ ಇನ್ನೇನು?

ಇಳಕಲ್ಲಿನ ಮಗ್ಗದ ಮನೆಗಳಲ್ಲಿ ಪ್ರಶ್ನೆ ತೊಡಕಾಗುತ್ತದೆ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ 14 ವರ್ಷದೊಳಗಿನವರ ದುಡಿಮೆಯನ್ನು ಪೂರ್ತಿ ನಿಷೇಧಿಸಿತು, ಆದರೆ ಶಾಲೆಯ ಹೊತ್ತಿನ ಆಚೆ ಮನೆಯ ಕಸುಬಿಗೆ ನೆರವಾಗಲು ಬಿಟ್ಟಿತು. ಸಂಜೆ ಅಜ್ಜಿಯ ಪಕ್ಕ ಕೂತು ಕಂಡಿಕೆ ಸುತ್ತುವ ಹುಡುಗಿ ಕಸುಬು ಕಲಿಯುತ್ತಿದ್ದಾಳೋ, ದುಡಿಯುತ್ತಿದ್ದಾಳೋ? ಗೆರೆ ಕಾಯ್ದೆಯಲ್ಲಿ ಸ್ಪಷ್ಟ, ಪಡಸಾಲೆಯಲ್ಲಿ ಮಸುಕು. ಹೊರಗಿನ ಅಧಿಕಾರಿಗಿಂತ ಆ ಮನೆಯ ಜರೂರತ್ತು ಬಲ್ಲ ಓಣಿಯವರೇ ಇದನ್ನು ಸರಿಯಾಗಿ ತೂಗಬಲ್ಲರು. ಮನೆಮಂದಿಯೆಲ್ಲ ಗೋವಾಕ್ಕೋ ಮಂಗಳೂರಿಗೋ ಗುಳೆ ಹೋದಾಗ ಮಗುವಿನ ಹೆಸರು ಹಾಜರಿ ಪುಸ್ತಕದಿಂದ ಸದ್ದಿಲ್ಲದೆ ಬಿದ್ದುಹೋಗದಂತೆ ನೋಡುವವರೂ ಅವರೇ.

ಬಾಲ್ಯವಿವಾಹದ ವಿಷಯದಲ್ಲಿ ಕರ್ನಾಟಕ ದೇಶಕ್ಕೇ ಮಾದರಿಯಾಯಿತು. ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿಯ 2011ರ ವರದಿಯ ಬಳಿಕ, ರಾಜ್ಯದ ತಿದ್ದುಪಡಿ ಕಾಯ್ದೆ ಇಂಥ ಮದುವೆಯನ್ನು ಮೊದಲಿಗೇ ಅಸಿಂಧು ಎಂದಿತು. 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮೆಚ್ಚಿತು. ಅದೇ ದಶಕದಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಪರಿಶಿಷ್ಟ ಜಾತಿ, ಪಂಗಡದ ಹುಡುಗಿಯರನ್ನು ಪ್ರೌಢಶಾಲೆಯಲ್ಲಿ ಉಳಿಸುವ ಸಮತಾ ಯೋಜನೆಯನ್ನು 80 ಹಳ್ಳಿಗಳಲ್ಲಿ ಪರೀಕ್ಷೆಗೆ ಒಡ್ಡಿತು. ಅರ್ಧ ಹಳ್ಳಿಗಳಲ್ಲಿ ಕೆಲಸ, ಇನ್ನರ್ಧ ಹೋಲಿಕೆಗೆ. ಒಟ್ಟಾರೆ ನೋಡಿದಾಗ ಎರಡರ ನಡುವೆ ನಿರೀಕ್ಷಿಸಿದ ವ್ಯತ್ಯಾಸ ಕಾಣಲಿಲ್ಲ. ಆ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದರು. ಗೆದ್ದ ಕಥೆಗಳನ್ನಷ್ಟೇ ದಾನಿಗಳ ಮುಂದಿಡುವ ಕ್ಷೇತ್ರದಲ್ಲಿ ಈ ಪ್ರಾಮಾಣಿಕತೆ ದೊಡ್ಡದು.

ನೀರು ಈ ಸೀಮೆಯನ್ನು ಎರಡು ಬಾರಿ ಪರೀಕ್ಷಿಸಿತು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಲ್ಲಿ ಸುರಿದ ಮಳೆಗೆ ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ತಾಲ್ಲೂಕಿನ ಹಳ್ಳಿಗಳು ಮುಳುಗಿದವು. ಮತ್ತೆ 2019ರ ಆಗಸ್ಟ್‌ನಲ್ಲಿ ನೀರು ಪಟ್ಟದಕಲ್ಲಿನ ದೇವಾಲಯಗಳನ್ನೇ ಸುತ್ತುವರಿಯಿತು. ಶಾಲೆಗಳು, ಸಮುದಾಯ ಭವನಗಳು ಆಶ್ರಯವಾದವು. ಸರ್ಕಾರಿ ಕಾಗದದಲ್ಲಿ ಗಂಜಿ ಕೇಂದ್ರಕ್ಕೆ ಕಾಳಜಿ ಕೇಂದ್ರ ಎಂಬ ಹೆಸರು ಬಂದದ್ದೂ ಈಚಿನ ವರ್ಷಗಳಲ್ಲೇ. ನೂರಾರು ಜನ ಒಂದೇ ಸೂರಿನಡಿ ಮಲಗುವಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ಚಿಲಕ ಮತ್ತು ದೀಪ ಇದೆಯೇ, ಪಟ್ಟಿಯಲ್ಲಿರುವ ಮಕ್ಕಳೆಲ್ಲ ರಾತ್ರಿ ಎಣಿಕೆಗೆ ಸಿಗುತ್ತಾರೆಯೇ, ಬಿಸ್ಕತ್ತು ಕೊಡಲು ಬಂದವರು ಮಕ್ಕಳ ಮುಖ ತೋರಿಸುವ ಫೋಟೋ ಯಾರನ್ನು ಕೇಳಿ ತೆಗೆಯುತ್ತಿದ್ದಾರೆ ಎಂದು ನೋಡುವುದು ಸಣ್ಣ ಕೆಲಸದಂತೆ ಕಾಣುತ್ತದೆ. ಪ್ರವಾಹದ ನಂತರ ಮಕ್ಕಳು ಕಾಣೆಯಾಗುವುದೂ ಕಳ್ಳಸಾಗಣೆಯಾಗುವುದೂ ಈ ಸಣ್ಣ ಕೆಲಸ ಬಿಟ್ಟುಹೋದಲ್ಲೇ.

ಈ ಕಾವಲಿನಲ್ಲಿ ಮಕ್ಕಳಿಗೂ ಪಾಲುಂಟು. ಕುಂದಾಪುರದ ಕಡೆ 1995ರಲ್ಲಿ ಹುಟ್ಟಿದ ಮಕ್ಕಳ ಪಂಚಾಯಿತಿಯ ಪ್ರಯೋಗ ಮುಂದೆ ಮಕ್ಕಳ ಗ್ರಾಮಸಭೆಯಾಗಿ ರಾಜ್ಯದ ಎಲ್ಲ ಪಂಚಾಯಿತಿಗಳಿಗೆ ಹರಡಿದೆ. ಇದು ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ನಡೆಯುತ್ತದೆ. ಅಲ್ಲಿ ಮಕ್ಕಳೇ ಎದ್ದು ನಿಂತು ಮುಚ್ಚದ ಬೋರು, ಬಾಗಿಲಿಲ್ಲದ ಶೌಚಾಲಯ, ಶಾಲೆಯ ಎದುರಿನ ಮದ್ಯದಂಗಡಿಯ ಮಾತೆತ್ತಬಹುದು. ಅವರು ಎತ್ತಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡು ಉತ್ತರ ಕೊಡಬೇಕಾದ್ದು ಪಂಚಾಯಿತಿಯ ಕೆಲಸ. ಮುಂದಿನ ಸಭೆಗೆ ಮೊದಲು ಆ ಪುಸ್ತಕ ತೆರೆದು, ಬರೆದದ್ದರಲ್ಲಿ ಎಷ್ಟು ನಡೆದಿದೆ ಎಂದು ಒಂದೊಂದಾಗಿ ಗುರುತು ಹಾಕಬೇಕಾದವರು ಊರಿನ ಸಮಿತಿಯ ಆ ಸಂಬಳವಿಲ್ಲದ ಸದಸ್ಯರು.