ಪೆಟ್ಟಿಗೆಯೊಳಗೇ ಉಳಿದ ಬೀಗದ ಕೈ

2011ರ ನವೆಂಬರ್ 4ರಿಂದ 6ರವರೆಗೆ ಪುಣೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ‘ಫಡ್‌ಕಾನ್’ ನಡೆಯಿತು. ಫೆಡೋರಾ ಎಂಬ ಲಿನಕ್ಸ್ ವ್ಯವಸ್ಥೆಯನ್ನು ಬಳಸುವವರೂ ಕಟ್ಟುವವರೂ ಒಂದೆಡೆ ಕೂಡುವ ಸಮ್ಮೇಳನ ಅದು. ಪುಣೆ ಅದಕ್ಕೆ ತಕ್ಕ ಊರೇ. ಫೆಡೋರಾದ ಬೆನ್ನಿಗಿರುವ ರೆಡ್ ಹ್ಯಾಟ್ ಕಂಪನಿಯ ಭಾರತೀಯ ಭಾಷೆಗಳ ಕೆಲಸ ನಡೆಯುತ್ತಿದ್ದದ್ದು ಅಲ್ಲಿನ ಕಚೇರಿಯಲ್ಲಿ; ಲಿನಕ್ಸ್ ಪರದೆಯ ಮೇಲೆ ಕನ್ನಡ ಮೂಡಿಸುವ ಲೋಹಿತ್ ಫಾಂಟಿನ ಆರೈಕೆಯೂ ಅಲ್ಲೇ. ಅಂತೂ ಕಂಪ್ಯೂಟರು ಕನ್ನಡದಲ್ಲಿ ಮೆನು ತೋರಿಸುವಷ್ಟು ಪಳಗಿತ್ತು. ಆದರೆ ಅದೇ ಲ್ಯಾಪ್‌ಟಾಪಿನೊಳಗೆ ಬ್ರಾಡ್‌ಕಾಮ್ ಕಂಪನಿಯ ಹಳೆಯ ವೈಫೈ ಚಿಪ್ ಇದ್ದರೆ, ಫೆಡೋರಾ ಹಾಕಿದ ಮೇಲೆ ಬಹಳ ಸಲ ನೆಟ್‌ವರ್ಕ್ ಮಾತ್ರ ಏಳುತ್ತಿರಲಿಲ್ಲ.

ಈ ತೊಡಕು ಶುರುವಾದದ್ದು ವೈಫೈ ಲ್ಯಾಪ್‌ಟಾಪಿನ ಒಳಗೇ ಬಂದು ಕೂತಾಗ. ಮೊದಲು ನೆಟ್‌ವರ್ಕ್ ಕಾರ್ಡು ಬೇರೆಯಾಗಿ ಸಿಗುತ್ತಿತ್ತು. ಒಂದು ಒಗ್ಗದಿದ್ದರೆ ಇನ್ನೊಂದು. 2003ರ ಮಾರ್ಚ್‌ನಲ್ಲಿ ಇಂಟೆಲ್ ಸೆಂಟ್ರಿನೋ ತಂದ ಮೇಲೆ ವೈಫೈ ಎಂಬುದು ಲ್ಯಾಪ್‌ಟಾಪಿನ ಅಂಗವೇ ಆಯಿತು. ಯಾವ ಕಂಪನಿಯ ಚಿಪ್ ಎಂದು ಆರಿಸುವ ಅವಕಾಶ ಕೊಳ್ಳುವವರಿಗೆ ಉಳಿಯಲಿಲ್ಲ. 2005ರ ಜನವರಿಯಲ್ಲಿ ಭಾರತ ಸರ್ಕಾರ ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಗೆ ಪರವಾನಗಿ ಬೇಡವೆಂದಿತು. ಗಾಳಿಯ ಬೀಗ ತೆರೆಯಿತು, ಚಿಪ್ಪಿನದು ತೆರೆಯಲಿಲ್ಲ.

ಕಾರ್ಯಾಚರಣೆ ವ್ಯವಸ್ಥೆ ಚಿಪ್ಪಿನೊಡನೆ ಮಾತಾಡಲು ಡ್ರೈವರ್ ಎಂಬ ತಂತ್ರಾಂಶ ಬೇಕು. ತಯಾರಕರು ವಿಂಡೋಸಿಗೆ ಡ್ರೈವರ್ ಕೊಟ್ಟರು; ಲಿನಕ್ಸಿನವರು ತಾವೇ ಬರೆದುಕೊಳ್ಳಲು ಬೇಕಾದ ಚಿಪ್ಪಿನ ವಿವರ ಕೊಡಲಿಲ್ಲ. ವ್ಯಾಪಾರದ ಗುಟ್ಟು ಒಂದು ನೆಪ. ಬಳಕೆದಾರರು ರೇಡಿಯೋ ಶಕ್ತಿಯನ್ನೂ ತರಂಗಾಂತರವನ್ನೂ ಮನಬಂದಂತೆ ಬದಲಿಸಿದರೆ ಕಾನೂನು ತಮ್ಮನ್ನು ಹಿಡಿದೀತೆಂಬ ಅಂಜಿಕೆ ಇನ್ನೊಂದು.

ಆಗ ಎರಡು ದಾರಿಗಳು ಹುಟ್ಟಿದವು. ಎನ್‌ಡಿಐಎಸ್‌ವ್ರ್ಯಾಪರ್ ಎಂಬ ತಂತ್ರಾಂಶ ವಿಂಡೋಸ್ ಡ್ರೈವರನ್ನೇ ಎತ್ತಿ ತಂದು ಲಿನಕ್ಸಿನೊಳಗೆ ಓಡಿಸಿತು. ಕೆಲಸ ಸಾಗಿತು, ಆದರೆ ಕೆಟ್ಟರೆ ಬಿಚ್ಚಿ ನೋಡುವಂತಿರಲಿಲ್ಲ. ಎರಡನೆಯದು ಕಷ್ಟದ ದಾರಿ. ಒಂದು ಗುಂಪು ಬ್ರಾಡ್‌ಕಾಮ್ ಡ್ರೈವರನ್ನು ಬಗೆದು, ಚಿಪ್ಪು ಹೇಗೆ ನಡೆಯುತ್ತದೆಂದು ತನ್ನ ಮಾತಿನಲ್ಲಿ ಬರೆದಿಟ್ಟಿತು. ಮೂಲದತ್ತ ಕಣ್ಣೂ ಹಾಯಿಸದ ಇನ್ನೊಂದು ಗುಂಪು ಆ ವಿವರಣೆಯಿಂದಲೇ ಹೊಸ ಡ್ರೈವರ್ ಬರೆಯಿತು. ಕದ್ದರೆಂಬ ಆರೋಪ ಬರಬಾರದೆಂದು ಈ ಮಡಿ. ಮೂಲದ ಒಂದು ಪದವನ್ನೂ ನೋಡದೆ ಬರೀ ಅರ್ಥದಿಂದ ಮಾಡಿದ ಅನುವಾದದಂತೆ. 2006ರ ಜೂನ್‌ನಲ್ಲಿ ಬಂದ ಲಿನಕ್ಸ್ 2.6.17ರಲ್ಲಿ ಅದು ಸೇರಿತು.

ಆದರೂ ಒಂದು ಗಂಟು ಉಳಿಯಿತು. ಚಿಪ್ಪಿನೊಳಗಿನ ಪುಟ್ಟ ಪ್ರೊಸೆಸರಿಗೆ ಪ್ರತಿಸಲ ತುಂಬಬೇಕಾದ ಫರ್ಮ್‌ವೇರ್ ಬ್ರಾಡ್‌ಕಾಮಿನದು; ಅದನ್ನು ಹಂಚಲು ಅನುಮತಿ ಇರಲಿಲ್ಲ. ಹಾಗಾಗಿ ಫೆಡೋರಾ ಅದನ್ನು ಜೊತೆಗೆ ಕೊಡುವಂತಿರಲಿಲ್ಲ. ಕಂಪನಿಯ ಡ್ರೈವರ್ ಫೈಲನ್ನು ಇಳಿಸಿಕೊಂಡು, ಬಿ43-ಎಫ್‌ಡಬ್ಲ್ಯುಕಟರ್ ಎಂಬ ಸಾಧನದಿಂದ ಫರ್ಮ್‌ವೇರನ್ನು ಕತ್ತರಿಸಿ ತೆಗೆಯಬೇಕಿತ್ತು. ಇಳಿಸಿಕೊಳ್ಳಲು ನೆಟ್‌ವರ್ಕ್ ಬೇಕು. ನೆಟ್‌ವರ್ಕ್ ಬೇಕಾದರೆ ಇಳಿಸಿಕೊಳ್ಳಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಕೇಬಲ್ಲೋ, ಇನ್ನೊಬ್ಬರ ಕಂಪ್ಯೂಟರೂ ಪೆನ್‌ಡ್ರೈವೂ ಇದ್ದವರು ಪಾರಾದರು. ಮನೆಯಲ್ಲಿ ಅದೊಂದೇ ಯಂತ್ರ ಇದ್ದವರು ವಿಂಡೋಸಿಗೆ ಮರಳಿದರೆ ತಪ್ಪೆನ್ನಲಾಗದು. 2009ರಲ್ಲಿ ಇಟಲಿಯ ಬ್ರೆಷಿಯಾ ವಿಶ್ವವಿದ್ಯಾಲಯದವರು ಕೆಲವು ಹಳೆಯ ಚಿಪ್ಪುಗಳಿಗೆ ಮುಕ್ತ ಫರ್ಮ್‌ವೇರನ್ನೇ ಬರೆದುಕೊಟ್ಟರು; ಫೆಡೋರಾ ಅದನ್ನು ಸೇರಿಸಿಕೊಂಡಿತು.

2010ರ ಸೆಪ್ಟೆಂಬರ್‌ನಲ್ಲಿ ಬ್ರಾಡ್‌ಕಾಮ್ ಕೊನೆಗೂ ಮಣಿಯಿತು. ತನ್ನ ಹೊಸ ಚಿಪ್ಪುಗಳಿಗೆ ಮುಕ್ತ ಡ್ರೈವರನ್ನೂ, ಹಂಚಲು ಅನುಮತಿಯಿದ್ದ ಫರ್ಮ್‌ವೇರನ್ನೂ ಕೊಟ್ಟಿತು. ಪುಣೆಯ ಸಮ್ಮೇಳನದ ಹೊತ್ತಿಗೆ ಆ ಡ್ರೈವರ್ ಕರ್ನಲಿನ ಪಡಸಾಲೆಯಲ್ಲಿತ್ತು. ನಡುಮನೆಗೆ ಬಂದದ್ದು 2012ರ ಜನವರಿಯ 3.2ರಲ್ಲಿ. ಹಳೆಯ ಚಿಪ್ಪುಗಳವರು ಕತ್ತರಿ ಹಿಡಿದೇ ಉಳಿದರು.

ಹಂಚುವ ಅನುಮತಿ ಸಿಕ್ಕಿತೇ ಹೊರತು, ಆ ಫರ್ಮ್‌ವೇರಿನೊಳಗೆ ಏನಿದೆಯೆಂದು ಓದುವ ಅವಕಾಶ ಸಿಗಲಿಲ್ಲ. ಮುಕ್ತತೆಯ ವಿಷಯದಲ್ಲಿ ಬಲು ಮಡಿವಂತ ಎನಿಸಿಕೊಂಡ ಡೆಬಿಯನ್ ಕೂಡ, ಇಂಥ ಮುಚ್ಚಿದ ಫರ್ಮ್‌ವೇರನ್ನು ತನ್ನ ಅಧಿಕೃತ ಅನುಸ್ಥಾಪಕದಲ್ಲಿ ಇಡಲು 2022ರಲ್ಲಿ ಮತ ಹಾಕಿ ಒಪ್ಪಿತು. 2023ರ ಜೂನ್‌ನ ಡೆಬಿಯನ್ 12ರಿಂದ ಅದು ಜಾರಿಗೆ ಬಂತು. ಈಗ ಹೊಸ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದರೆ ವೈಫೈ ಸಾಮಾನ್ಯವಾಗಿ ತಾನಾಗಿ ಏಳುತ್ತದೆ. ಅದನ್ನು ಏಳಿಸುವ ಆ ಪುಟ್ಟ ಫೈಲು ಮಾತ್ರ ಇನ್ನೂ ಮುಚ್ಚಿಯೇ ಇದೆ.