ಮಾತು ಒಬ್ಬರದು, ಹೊಣೆ ಯಾರದು?

ಯಾವುದೇ ದಿನಪತ್ರಿಕೆಯ ಪುಟಗಳನ್ನು ತಿರುವಿದರೂ ಒಂದು ಮೂಲೆಯಲ್ಲಿ ಸಣ್ಣ ಅಕ್ಷರಗಳ ಒಂದೆರಡು ಸಾಲು ಕಾಣಿಸುತ್ತದೆ. ಮುದ್ರಕರು ಯಾರು, ಪ್ರಕಾಶಕರು ಯಾರು, ಎಲ್ಲಿ ಅಚ್ಚಾಯಿತು ಎಂಬ ವಿವರ ಅದು. ಅದನ್ನು ಓದುವ ಗೋಜಿಗೆ ಹೋಗುವವರು ಕಡಿಮೆ. ಆದರೆ ಆ ಸಾಲಿಗೆ ಒಂದೂವರೆ ಶತಮಾನದ ಇತಿಹಾಸವಿದೆ. 1867ರಲ್ಲಿ ಬ್ರಿಟಿಷ್ ಸರ್ಕಾರ ತಂದ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯ್ದೆ ಅದನ್ನು ಕಡ್ಡಾಯ ಮಾಡಿತು. ಅಚ್ಚಾದ ಮಾತು ಸರ್ಕಾರಕ್ಕೆ ಹಿಡಿಸದಿದ್ದರೆ ಯಾರ ಮನೆಯ ಕದ ತಟ್ಟಬೇಕೆಂಬುದು ಮೊದಲೇ ಗೊತ್ತಿರಬೇಕಿತ್ತು.

ಬರೆಯುವವನು ಒಬ್ಬ, ಅದನ್ನು ಅಚ್ಚು ಹಾಕಿ ಊರಿಗೆ ಮುಟ್ಟಿಸುವವನು ಇನ್ನೊಬ್ಬ. ಬರೆಯುವವರು ಸಾವಿರಾರು ಮಂದಿ, ಅವರನ್ನು ಹುಡುಕುವುದು ಕಷ್ಟ. ಅಚ್ಚುಕೂಟ ಮಾತ್ರ ಇದ್ದಲ್ಲಿಯೇ ಇರುತ್ತದೆ. ಆದ್ದರಿಂದ ಆಳುವವರ ಕೈ ಮೊದಲು ಬೀಳುವುದು ಅಚ್ಚುಕೂಟದ ಮೇಲೆ. ದೇಶದ ಆಗುಹೋಗುಗಳ ಬಗ್ಗೆ ಸಾಮಾನ್ಯನೊಬ್ಬ ತನ್ನ ಅಭಿಪ್ರಾಯವನ್ನು ಮೊಬೈಲಿನಲ್ಲಿ ಬರೆದು ಜಗತ್ತಿಗೆ ತಿಳಿಸುವ ಈ ಕಾಲದಲ್ಲಿ ಅಚ್ಚುಕೂಟದ ಜಾಗಕ್ಕೆ ಫೇಸ್‌ಬುಕ್, ಯೂಟ್ಯೂಬ್, ಎಕ್ಸ್‌ನಂತಹ ಕಂಪನಿಗಳು ಬಂದಿವೆ. ಆದರೆ ಮೂಲ ಪ್ರಶ್ನೆ ಬದಲಾಗಿಲ್ಲ.

1878ರ ಮಾರ್ಚ್ ತಿಂಗಳಲ್ಲಿ ವೈಸರಾಯ್ ಲಾರ್ಡ್ ಲಿಟ್ಟನ್ ದೇಶಭಾಷಾ ಪತ್ರಿಕೆಗಳನ್ನು ಹತ್ತಿಕ್ಕಲು ಒಂದು ಕಾಯ್ದೆ ತಂದ. ಇಂಗ್ಲಿಷ್ ಪತ್ರಿಕೆಗಳಿಗೆ ಅದು ಅನ್ವಯಿಸುತ್ತಿರಲಿಲ್ಲ. ದೇಶಭಾಷೆಯ ಪತ್ರಿಕೆಯ ಮುದ್ರಕ ಮತ್ತು ಪ್ರಕಾಶಕರಿಂದ ಮ್ಯಾಜಿಸ್ಟ್ರೇಟರು ಮುಚ್ಚಳಿಕೆ ಬರೆಸಿಕೊಳ್ಳಬಹುದಿತ್ತು, ಠೇವಣಿ ಕೇಳಬಹುದಿತ್ತು. ತಪ್ಪು ಕಂಡರೆ ಠೇವಣಿಯನ್ನೂ ಯಂತ್ರವನ್ನೂ ಮುಟ್ಟುಗೋಲು ಹಾಕಿಕೊಳ್ಳಬಹುದಿತ್ತು. ಇದರ ವಿರುದ್ಧ ನ್ಯಾಯಾಲಯಕ್ಕೆ ಹೋಗುವ ದಾರಿಯೇ ಇರಲಿಲ್ಲ. ಕಲ್ಕತ್ತೆಯ ‘ಅಮೃತ ಬಜಾರ್ ಪತ್ರಿಕಾ’ ಬಂಗಾಳಿಯನ್ನು ಬಿಟ್ಟು ಪೂರ್ತಿ ಇಂಗ್ಲಿಷಿಗೆ ತಿರುಗಿ ಬಲೆಯಿಂದ ಪಾರಾದದ್ದು ಆಗಲೇ. ಲಾರ್ಡ್ ರಿಪನ್ನನ ಕಾಲದಲ್ಲಿ ಈ ಕಾಯ್ದೆ ರದ್ದಾಯಿತು. ಠೇವಣಿಯ ಉಪಾಯ ಮಾತ್ರ ಉಳಿಯಿತು.

ಮೈಸೂರು ಸಂಸ್ಥಾನವೂ ಹಿಂದೆ ಬೀಳಲಿಲ್ಲ. 1908ರಲ್ಲಿ, ವಿ.ಪಿ. ಮಾಧವರಾಯರು ದಿವಾನರಾಗಿದ್ದಾಗ, ಪತ್ರಿಕೆಗಳ ಮೇಲೆ ನಿರ್ಬಂಧ ಹೇರುವ ಕಾನೂನು ಬಂತು. ಅದನ್ನು ಪ್ರತಿಭಟಿಸಿದವರಲ್ಲಿ ‘ತಾತಯ್ಯ’ನೆಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಪ್ರಮುಖರು. ಬ್ರಿಟಿಷ್ ಇಂಡಿಯಾದಲ್ಲಿ 1910ರ ಪತ್ರಿಕಾ ಕಾಯ್ದೆ ಠೇವಣಿಯನ್ನು ಮತ್ತೆ ತಂದಿತು. ಮದ್ರಾಸಿನಲ್ಲಿ ಆನಿ ಬೆಸೆಂಟರ ‘ನ್ಯೂ ಇಂಡಿಯಾ’ ಪತ್ರಿಕೆ 1916ರಲ್ಲಿ 2,000 ರೂಪಾಯಿ ಠೇವಣಿ ಕಳೆದುಕೊಂಡಿತು. ಮುಂದುವರಿಯಲು 10,000 ರೂಪಾಯಿ ಕಟ್ಟಬೇಕಾಯಿತು. ಬೆಸೆಂಟರು ಮದ್ರಾಸ್ ಹೈಕೋರ್ಟಿನಲ್ಲಿ ತಾವೇ ನಿಂತು ವಾದಿಸಿದರು. ಅಲ್ಲಿ ಸೋತು ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಹೋದರು, ಅಲ್ಲಿಯೂ ಸೋತರು.

ಇಂಟರ್‌ನೆಟ್ ಬಂದಾಗ ಇದೇ ಗೊಂದಲ ಅಮೆರಿಕದಲ್ಲಿ ತಲೆಯೆತ್ತಿತು. ಜನ ಬರೆದದ್ದನ್ನು ಹಾಗೆಯೇ ದಾಟಿಸುವ ಕಂಪನಿ ಪುಸ್ತಕದ ಅಂಗಡಿಯಂತೆ, ಅದಕ್ಕೆ ಹೊಣೆಯಿಲ್ಲ ಎಂಬ ತೀರ್ಪು 1991ರಲ್ಲಿ ಬಂತು. 1995ರಲ್ಲಿ ನ್ಯೂಯಾರ್ಕಿನ ಇನ್ನೊಂದು ನ್ಯಾಯಾಲಯ, ಹೊಲಸು ಮಾತುಗಳನ್ನು ತೆಗೆದುಹಾಕುವ ಶ್ರಮ ವಹಿಸಿದ್ದ ಕಂಪನಿಯನ್ನು ಪ್ರಕಾಶಕನೆಂದು ಕರೆದು ಹೊಣೆ ಹೊರಿಸಿತು. ಗುಡಿಸಿದವನಿಗೇ ದಂಡ ಎಂಬಂತಾಯಿತು. ಇದನ್ನು ಸರಿಪಡಿಸಲು 1996ರಲ್ಲಿ ಅಮೆರಿಕದ ಸಂಸತ್ತು ‘ಸೆಕ್ಷನ್ 230’ ಎಂಬ ರಕ್ಷಣೆ ಕೊಟ್ಟಿತು. ಬಳಕೆದಾರನ ಮಾತಿಗೆ ಬಳಕೆದಾರನೇ ಹೊಣೆ, ಬೇಡವಾದದ್ದನ್ನು ತೆಗೆಯಲು ಕಂಪನಿ ಸ್ವತಂತ್ರ ಎಂಬುದು ಅದರ ಸಾರ. ದೈತ್ಯ ಕಂಪನಿಗಳು ಬೆಳೆದದ್ದು ಈ ನೆರಳಿನಲ್ಲಿ. ಆ ಸ್ವಾತಂತ್ರ್ಯದ ಬಲ ಎಷ್ಟೆಂಬುದು 2021ರ ಜನವರಿಯಲ್ಲಿ ಕಂಡಿತು. ಅಧಿಕಾರದಲ್ಲಿದ್ದ ಅಧ್ಯಕ್ಷ ಟ್ರಂಪ್ ಅವರ ಖಾತೆಯನ್ನೇ ಟ್ವಿಟರ್ ಮುಚ್ಚಿತು.

ಭಾರತದಲ್ಲಿ 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಸೆಕ್ಷನ್ ಇಂತಹ ಕಂಪನಿಗಳನ್ನು ‘ಮಧ್ಯವರ್ತಿ’ಗಳೆಂದು ಕರೆದು ಮಿತವಾದ ರಕ್ಷಣೆ ಕೊಟ್ಟಿತು. 2004ರಲ್ಲಿ ಬಳಕೆದಾರನೊಬ್ಬ ಮಾರಾಟಕ್ಕಿಟ್ಟ ಅಶ್ಲೀಲ ವಿಡಿಯೊಗಾಗಿ ‘ಬಾಜಿ ಡಾಟ್ ಕಾಮ್’ ಕಂಪನಿಯ ಮುಖ್ಯಸ್ಥರನ್ನೇ ಬಂಧಿಸಲಾಯಿತು. ಆ ಗದ್ದಲದ ನಂತರ 2008ರ ತಿದ್ದುಪಡಿ ಮಧ್ಯವರ್ತಿಗಳ ರಕ್ಷಣೆಯನ್ನು ವಿಸ್ತರಿಸಿತು. ಜೊತೆಗೆ, ಕಿರಿಕಿರಿ ಉಂಟುಮಾಡುವ ಸಂದೇಶಕ್ಕೂ ಮೂರು ವರ್ಷದ ಸೆರೆವಾಸ ವಿಧಿಸಬಲ್ಲ 66ಎ ಸೆಕ್ಷನ್ ಸೇರಿತು. 2012ರ ನವೆಂಬರಿನಲ್ಲಿ ಬಾಳ ಠಾಕ್ರೆ ನಿಧನದ ನಂತರ ಮುಂಬೈ ಸ್ತಬ್ಧವಾದುದನ್ನು ಪ್ರಶ್ನಿಸಿ ಯುವತಿಯೊಬ್ಬಳು ಫೇಸ್‌ಬುಕ್‌ನಲ್ಲಿ ಬರೆದಳು. ಇನ್ನೊಬ್ಬಳು ಅದನ್ನು ಮೆಚ್ಚಿ ಗುಂಡಿ ಒತ್ತಿದಳು. ಪಾಲ್ಘರ್ ಪೊಲೀಸರು ಇಬ್ಬರನ್ನೂ ಬಂಧಿಸಿದರು.

ಕಾನೂನು ವಿದ್ಯಾರ್ಥಿನಿ ಶ್ರೇಯಾ ಸಿಂಘಾಲ್ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2015ರ ಮಾರ್ಚ್ 24ರಂದು ನ್ಯಾಯಾಲಯ 66ಎ ಸೆಕ್ಷನ್ನನ್ನು ರದ್ದುಪಡಿಸಿತು. ಯಾರೋ ದೂರಿದರೆಂದು ಕಂಪನಿ ಬರಹವನ್ನು ತೆಗೆಯಬೇಕಿಲ್ಲ, ನ್ಯಾಯಾಲಯದ ಆದೇಶ ಅಥವಾ ಸರ್ಕಾರದ ಸೂಚನೆ ಇರಬೇಕು ಎಂದೂ ಹೇಳಿತು. ಆದರೆ ಸರ್ಕಾರ ನೇರವಾಗಿ ತಡೆ ಹಾಕಬಹುದಾದ 69ಎ ಸೆಕ್ಷನ್ನನ್ನು ಎತ್ತಿಹಿಡಿಯಿತು.

ಇಂತಹ ಅಧಿಕಾರವೇ ಬೇಡ ಎನ್ನುವುದು ಸುಲಭವಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಗೆ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರು ಬಲಿಯಾದರು. ಒಂದು ಸಂದೇಶವನ್ನು ಐದಕ್ಕಿಂತ ಹೆಚ್ಚು ಕಡೆಗೆ ಒಮ್ಮೆಲೇ ರವಾನಿಸದಂತೆ ಆ ಕಂಪನಿ ಭಾರತದಲ್ಲಿ ಮಿತಿ ಹಾಕಿದ್ದು ಅದೇ ತಿಂಗಳಲ್ಲಿ. ಮಾತು ಕೊಲ್ಲಬಲ್ಲದು. ಪ್ರಶ್ನೆಯಿರುವುದು, ವಿಷದ ಮಾತು ಯಾವುದು, ಬರಿಯ ಕಹಿ ಮಾತು ಯಾವುದು ಎಂದು ತೂಗುವ ತಕ್ಕಡಿ ಯಾರ ಕೈಯಲ್ಲಿರಬೇಕು ಎಂಬುದರಲ್ಲಿ.

ಆ ತಕ್ಕಡಿಯ ವ್ಯಾಜ್ಯ ಬೆಂಗಳೂರಿಗೂ ಬಂತು. ತನಗೆ ಬಂದ ತಡೆ ಆದೇಶಗಳನ್ನು ಟ್ವಿಟರ್ 2022ರಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ಪ್ರಶ್ನಿಸಿತು. ಬರೆದವರಿಗೆ ನೋಟಿಸ್ ಕೊಡಲಿಲ್ಲ ಎಂಬುದು ಅದರ ವಾದಗಳಲ್ಲಿ ಒಂದು. 2023ರ ಜೂನ್ 30ರಂದು ಅರ್ಜಿ ವಜಾ ಆಯಿತು, ಆದೇಶ ಪಾಲನೆಗೆ ವಿಳಂಬ ಮಾಡಿದ್ದಕ್ಕೆ 50 ಲಕ್ಷ ರೂಪಾಯಿ ದಂಡವೂ ಬಿತ್ತು. ಎಕ್ಸ್ ಎಂದು ಹೆಸರು ಬದಲಿಸಿಕೊಂಡ ಅದೇ ಕಂಪನಿ 2025ರಲ್ಲಿ ಕೇಂದ್ರದ ‘ಸಹಯೋಗ್’ ವ್ಯವಸ್ಥೆಯನ್ನು ಪ್ರಶ್ನಿಸಿ ಮತ್ತೆ ಬಂತು. ಸೆಪ್ಟೆಂಬರ್ 24ರಂದು ಆ ಅರ್ಜಿಯೂ ವಜಾ ಆಯಿತು. ಸಂವಿಧಾನದ 19ನೇ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯ ಈ ದೇಶದ ನಾಗರಿಕರಿಗೆ ಸೇರಿದ್ದು, ವಿದೇಶಿ ಕಂಪನಿ ಅದನ್ನು ಕೇಳಲು ಬಾರದು ಎಂದಿತು ನ್ಯಾಯಪೀಠ.

ಹಕ್ಕು ನಾಗರಿಕನದು, ನಿಜ. ಆದರೆ ಆ ನಾಗರಿಕ ಎಲ್ಲಿ? 2009ರ ತಡೆ ನಿಯಮಗಳ ಪ್ರಕಾರ ಆದೇಶಗಳು ಗೋಪ್ಯವಾಗಿರಬೇಕು. ಸರ್ಕಾರದ ಸೂಚನೆ ಹೋಗುವುದು ಹೆಚ್ಚಾಗಿ ಕಂಪನಿಗೆ. ಬರಹ ಉಳಿಸಿಕೊಂಡರೆ ಕಾನೂನಿನ ರಕ್ಷಣೆ ಕಳೆದುಕೊಳ್ಳುವ ಭಯ, ತೆಗೆದುಹಾಕಿದರೆ ನಷ್ಟವಿಲ್ಲ. ವ್ಯಾಪಾರಿ ಯಾವುದನ್ನು ಆರಿಸುತ್ತಾನೆಂದು ಹೇಳಬೇಕಿಲ್ಲ. ತನ್ನ ಮಾತು ಏಕೆ ಮಾಯವಾಯಿತೆಂದು ಬರೆದವನಿಗೆ ತಿಳಿಯುವುದೇ ಕಷ್ಟ.

ಆನಿ ಬೆಸೆಂಟರು ಮೊಕದ್ದಮೆ ಸೋತರು. ಆದರೆ ಪರಕೀಯ ಸರ್ಕಾರದ ಕಾಲದಲ್ಲಿಯೂ ಅವರಿಗೆ ಆದೇಶ ಕೈಸೇರಿತ್ತು, ನ್ಯಾಯಾಧೀಶರ ಮುಂದೆ ನಿಂತು ತಮ್ಮ ಮಾತನ್ನು ತಾವೇ ಸಮರ್ಥಿಸಿಕೊಳ್ಳುವ ಅವಕಾಶವಿತ್ತು. ಕಂಪನಿ ಮತ್ತು ಸರ್ಕಾರಗಳ ಜಗ್ಗಾಟದಲ್ಲಿ ಯಾರೇ ಗೆಲ್ಲಲಿ, ಮಾತಿನ ಒಡೆಯನಿಗೆ ಅಷ್ಟಾದರೂ ಸಿಗಬೇಕಲ್ಲವೇ?